ಕೊಲೆಸ್ಟ್ರಾಲ್ ಮಾತ್ರೆ ಜೊತೆ ಹೋಮಿಯೋಪತಿ ತಗೋಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕುಮಟಾ ಕಡೆ ಮೆಡಿಕಲ್ ಶಾಪ್ ಇಟ್ಟುಕೊಂಡವನು. ಡಾಕ್ಟರ್ ಅಲ್ಲ, ಫಾರ್ಮಸಿ ಓದಿದವನು. ನಮ್ಮ ಜಿಲ್ಲೆಯಲ್ಲಿ ಹೃದಯದ ತೊಂದರೆ ಅಂದರೆ ಕಾರವಾರದವರು ಗೋವಾಕ್ಕೆ ಹೋಗ್ತಾರೆ, ಹೊನ್ನಾವರ-ಭಟ್ಕಳದವರು ಮಣಿಪಾಲಕ್ಕೆ, ಶಿರಸಿಯವರು ಹುಬ್ಬಳ್ಳಿಗೆ. ಅಲ್ಲಿ ಬರೆದುಕೊಟ್ಟ ಕೊಲೆಸ್ಟ್ರಾಲ್ ಮಾತ್ರೆ ಒಂದು ಚೀಟಿಯಲ್ಲಿ ಇರುತ್ತದೆ. ಊರಿಗೆ ಬಂದಮೇಲೆ ಗಂಟುನೋವಿಗೋ ಗ್ಯಾಸಿಗೋ ಪಕ್ಕದ ಹೋಮಿಯೋಪತಿ ಡಾಕ್ಟರ ಹತ್ತಿರ ತಗೊಂಡ ಗುಳಿಗೆ ಯಾವ ಚೀಟಿಯಲ್ಲೂ ಇರುವುದಿಲ್ಲ. ಇವರು ಕೊಟ್ಟಿದ್ದು ಅವರಿಗೆ ಗೊತ್ತಿಲ್ಲ, ಅವರು ಕೊಟ್ಟಿದ್ದು ಇವರಿಗೆ ಗೊತ್ತಿಲ್ಲ. ಎರಡೂ ಗೊತ್ತಾಗುವುದು ಅಂಗಡಿಯವನಿಗೆ, ಅದಕ್ಕೇ ಈ ಪ್ರಶ್ನೆಗಳೆಲ್ಲ ನನ್ನ ಹತ್ತಿರ ಬರುತ್ತವೆ.

ಸುತ್ತಿಬಳಸದೆ ಹೇಳಿ, ಎರಡನ್ನೂ ಒಟ್ಟಿಗೆ ತಗೊಂಡ್ರೆ ಏನಾದ್ರೂ ಆಗತ್ತಾ?

ಬಿಳಿ ಸಕ್ಕರೆ ಗುಳಿಗೆ, ಅದರ ಮೇಲೆ 30 ಅಥವಾ 200 ಅಂತ ಬರೆದಿದ್ದರೆ ಏನೂ ಆಗುವುದಿಲ್ಲ. ಮಾತ್ರೆಗೆ ಅಡ್ಡ ಬರುವಂಥದ್ದು ಅದರಲ್ಲಿ ಏನೂ ಇರುವುದಿಲ್ಲ. 'ಕ್ಯೂ' ಅಂತ ಬರೆದ ಹನಿ ಔಷಧ, ಅಂದರೆ ಮದರ್ ಟಿಂಚರ್, ಆಗಿದ್ದರೆ ಅದು ಬೇರೆ ಕಥೆ, ಕೆಳಗೆ ಹೇಳ್ತೇನೆ. ಆದರೆ ನಾನು ಕಂಡ ಹಾಗೆ ಜನಕ್ಕೆ ನಿಜವಾಗಿ ತೊಂದರೆ ಆಗುವುದು ಎರಡನ್ನು ಸೇರಿಸಿದ್ದರಿಂದ ಅಲ್ಲ. ಹೋಮಿಯೋಪತಿ ಶುರು ಮಾಡಿ ಯಾರಿಗೂ ಹೇಳದೆ ಸ್ಟ್ಯಾಟಿನ್, ಅಂದರೆ ಡಾಕ್ಟರು ಬರೆದುಕೊಟ್ಟ ಕೊಲೆಸ್ಟ್ರಾಲ್ ಮಾತ್ರೆ, ನಿಲ್ಲಿಸಿಬಿಡುತ್ತಾರಲ್ಲ, ಅದರಿಂದ.

ಬಾಟಲಿ ಮೇಲೆ 30, 200, 6ಎಕ್ಸ್, ಕ್ಯೂ ಅಂತೆಲ್ಲ ಇರತ್ತಲ್ಲ, ಏನದು?

ಇದನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿಯಿತು. ಹೋಮಿಯೋಪತಿ ಶುರುವಾಗಿದ್ದು ಜರ್ಮನಿಯಲ್ಲಿ, 1796ರಲ್ಲಿ, ಸ್ಯಾಮುಯೆಲ್ ಹಾನೆಮನ್ ಅನ್ನುವ ಡಾಕ್ಟರಿಂದ. ಮೂಲ ವಸ್ತುವನ್ನು ಮತ್ತೆ ಮತ್ತೆ ತೆಳು ಮಾಡುವುದೇ ಅದರ ವಿಧಾನ. 'ಸಿ' ಲೆಕ್ಕ ಅಂದರೆ ಒಂದು ಪಾಲು ಔಷಧಕ್ಕೆ 99 ಪಾಲು ಸ್ಪಿರಿಟ್ಟು ಅಥವಾ ನೀರು. ಅದರಲ್ಲಿ ಒಂದು ಪಾಲು ತೆಗೆದು ಮತ್ತೆ 99 ಪಾಲಿಗೆ. ಹೀಗೆ 30 ಸಲ ಮಾಡಿದರೆ 30ಸಿ. ನಮ್ಮಲ್ಲಿ ಸುಮ್ನೆ '30' ಅಂತ ಬರೆದಿರುತ್ತಾರೆ. 12 ಸಲ ತೆಳು ಮಾಡುವಷ್ಟರಲ್ಲೇ ಮೂಲ ವಸ್ತುವಿನ ಒಂದು ಅಣು ಉಳಿಯುವುದೂ ಅನುಮಾನ. 30 ಅಂದರೆ 1ರ ಮುಂದೆ 60 ಸೊನ್ನೆ ಹಾಕಿದಷ್ಟು ಪಾಲಿನಲ್ಲಿ ಒಂದು ಪಾಲು. ಲಿವರ್‌ಗೆ ಹೋಗಿ ಜಗಳ ಮಾಡಲಿಕ್ಕೆ ಅಲ್ಲಿ ಯಾರೂ ಇಲ್ಲ.

'ಎಕ್ಸ್' ಅಂದರೆ ಹತ್ತರ ಲೆಕ್ಕ. 6ಎಕ್ಸ್ ಅಂದರೆ ಹತ್ತು ಲಕ್ಷಕ್ಕೆ ಒಂದು ಪಾಲು. ಬಯೋಕೆಮಿಕ್ ಮಾತ್ರೆಗಳು ಜಾಸ್ತಿ ಇದೇ ಬಲದಲ್ಲಿ ಬರುತ್ತವೆ, ಅದರಲ್ಲಿರುವುದು ಹೆಚ್ಚುಕಡಿಮೆ ಹಾಲಿನ ಸಕ್ಕರೆ. 3ಎಕ್ಸ್ ಅಂದರೆ ಸಾವಿರಕ್ಕೆ ಒಂದು. ಇಲ್ಲಿಂದ ಕೆಳಗೆ ಸ್ವಲ್ಪ ನೋಡಿಕೊಳ್ಳಬೇಕು, ಮೂಲ ವಸ್ತು ಪಾಷಾಣದಂಥದ್ದಾಗಿದ್ದರಂತೂ ಖಂಡಿತ.

'ಕ್ಯೂ' ಅಂದರೆ ತೆಳುವೇ ಮಾಡದ್ದು. ಗಿಡವನ್ನು ಸ್ಪಿರಿಟ್ಟಿನಲ್ಲಿ ನೆನೆಹಾಕಿ ತೆಗೆದ ಸಾರ. ಅದು ಹೆಸರಿಗೆ ಹೋಮಿಯೋಪತಿ, ಕೆಲಸಕ್ಕೆ ಗಿಡಮೂಲಿಕೆ ಔಷಧ. 30 ಎಂಎಲ್ ಬಾಟಲಿ ತಿರುಗಿಸಿ ನೋಡಿ, ಗಿಡದ ಲ್ಯಾಟಿನ್ ಹೆಸರಿನ ಮುಂದೆ ಕ್ಯೂ ಅಥವಾ ಗೀಟು ಹೊಡೆದ ಸೊನ್ನೆ ಇರುತ್ತದೆ, ಕೆಳಗೆ ಸಣ್ಣ ಅಕ್ಷರದಲ್ಲಿ ಆಲ್ಕೋಹಾಲ್ ಶೇಕಡಾ ಎಷ್ಟು ಅಂತ ಇರುತ್ತದೆ. ಮುಚ್ಚಳ ತೆಗೆದರೆ ಮೂಗಿಗೇ ಗೊತ್ತಾಗುತ್ತದೆ.

ಹಾಗಾದ್ರೆ ಯಾವ ಕ್ಯೂ ಬಾಟಲಿಗೆ ಹುಷಾರಾಗಿರಬೇಕು?

ಕೊಲೆಸ್ಟ್ರಾಲ್, ಬಿಪಿ, ತೂಕ, ಲಿವರ್ ಅಂತ ಹೇಳಿ ಕೊಡುವವೇ ಜಾಸ್ತಿ ಯೋಚನೆ ಮಾಡಬೇಕಾದವು.

ಗುಗ್ಗುಳು. ಕೊಲೆಸ್ಟ್ರಾಲ್ ಅಂದ ಕೂಡಲೇ ಇದರ ಹೆಸರು ಬರುತ್ತದೆ. ಇದರ ಸಾರ ಲಿವರ್‌ನಲ್ಲಿ ಔಷಧ ಕರಗಿಸುವ ಕಿಣ್ವಗಳನ್ನು ಚುರುಕು ಮಾಡಬಲ್ಲದು, ಹಾಗಾದರೆ ಬೇರೆ ಮಾತ್ರೆಯ ಬಲ ತಗ್ಗುತ್ತದೆ. ಬಿಪಿ ಮಾತ್ರೆಗಳಾದ ಡಿಲ್ಟಿಯಾಜೆಮ್, ಪ್ರೊಪ್ರನಲಾಲ್ ರಕ್ತದಲ್ಲಿ ಕಮ್ಮಿಯಾಗಿದ್ದು ಕಂಡಿದೆ. ಇನ್ನೊಂದು ವಿಷಯ, 2003ರಲ್ಲಿ ಅಮೆರಿಕದಲ್ಲಿ ಗುಗ್ಗುಳು ಸಾರ ಕೊಟ್ಟು ಪರೀಕ್ಷೆ ಮಾಡಿದಾಗ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಇಳಿಯಲಿಲ್ಲ, ಸ್ವಲ್ಪ ಏರಿತು. ಕೆಲವರಿಗೆ ಮೈಮೇಲೆ ಗಂದೆ ಎದ್ದವು. ಯಾತಕ್ಕೆ ಬೇಕು ಹೇಳಿ.

ಅಲಿಯಮ್ ಸಟೈವಮ್, ಅಂದರೆ ನಮ್ಮ ಬೆಳ್ಳುಳ್ಳಿ. ಸ್ಟ್ಯಾಟಿನ್ ಜೊತೆ ದೊಡ್ಡ ತಕರಾರು ಇಲ್ಲ. ಆದರೆ ಸ್ಟೆಂಟ್ ಹಾಕಿಸಿಕೊಂಡವರು ಸ್ಟ್ಯಾಟಿನ್ ಒಂದನ್ನೇ ತಗೊಳ್ಳುತ್ತಿರುವುದಿಲ್ಲ, ರಕ್ತ ಹೆಪ್ಪುಗಟ್ಟದಿರಲಿ ಅಂತ ಕೊಡುವ ಆಸ್ಪಿರಿನ್ನು, ಕ್ಲೋಪಿಡೊಗ್ರೆಲ್ ಕೂಡ ಇರುತ್ತದೆ. ಅದರ ಮೇಲೆ ಬೆಳ್ಳುಳ್ಳಿ ಸಾರ ಸೇರಿದರೆ ರಕ್ತ ಸೋರುವುದು ಜಾಸ್ತಿ ಆಗಬಹುದು. ಹಲ್ಲು ಕೀಳಿಸುವಾಗ, ಆಪರೇಷನ್ ಮುಂಚೆ ಇದನ್ನು ಹೇಳಲೇಬೇಕು. ಸಾರಿಗೆ ಹಾಕಿದ ಒಗ್ಗರಣೆ ಬೆಳ್ಳುಳ್ಳಿಗೆ ಹೆದರುವುದು ಬೇಡ.

ಹೈಪರಿಕಮ್. ಇದು ವಿದೇಶದಲ್ಲಿ ಸೇಂಟ್ ಜಾನ್ಸ್ ವರ್ಟ್ ಅಂತ ಮನಸ್ಸಿನ ಬೇಸರಕ್ಕೆ ತಗೊಳ್ಳುವ ಗಿಡ. ಸಿಮ್ವಾಸ್ಟ್ಯಾಟಿನ್, ಅಟೊರ್ವಾಸ್ಟ್ಯಾಟಿನ್ ಅನ್ನುವ ಸ್ಟ್ಯಾಟಿನ್‌ಗಳ ಕೆಲಸ ತಗ್ಗಿಸುತ್ತದೆ ಅನ್ನುವುದು ಸರಿಯಾಗಿ ಅಧ್ಯಯನ ಮಾಡಿ ಕಂಡದ್ದು. ನರದ ಪೆಟ್ಟಿಗೆ ಅಂತ ಇದರ ಕ್ಯೂ ಕುಡಿಯಲು ಕೊಟ್ಟಿದ್ದರೆ ಕೇಳಿ. ಮೇಲೆ ಹಚ್ಚುವುದಾದರೆ, ಅಥವಾ ಹೈಪರಿಕಮ್ 200 ಗುಳಿಗೆಯಾದರೆ ತೊಂದರೆ ಇಲ್ಲ.

ಚೆಲಿಡೋನಿಯಮ್. ಲಿವರ್‌ಗೆ, ಪಿತ್ತಕೋಶದ ಕಲ್ಲಿಗೆ ಒಳ್ಳೆಯದು ಅಂತ ಕೊಡುತ್ತಾರೆ. ಯುರೋಪಿನಲ್ಲಿ ಇದೇ ಗಿಡದ ಸಾರ ತಗೊಂಡವರಿಗೆ ಲಿವರ್ ಊದಿಕೊಂಡ ಪ್ರಕರಣಗಳು ದಾಖಲಾಗಿವೆ. ಸ್ಟ್ಯಾಟಿನ್ ಜೊತೆ ಇದನ್ನು ತಗೊಂಡು ಲಿವರ್ ರಿಪೋರ್ಟ್ ಕೆಟ್ಟರೆ ಯಾರ ಮೇಲೆ ತಪ್ಪು ಹಾಕುತ್ತಾರೆ? ಸ್ಟ್ಯಾಟಿನ್ ಮೇಲೇ.

ಫ್ಯೂಕಸ್, ತೂಕ ಇಳಿಸಲಿಕ್ಕೆ. ಇದು ಸಮುದ್ರ ಪಾಚಿ, ಅಯೋಡಿನ್ ತುಂಬ ಇರುತ್ತದೆ, ಥೈರಾಯ್ಡ್ ಏರುಪೇರು ಮಾಡಬಲ್ಲದು. ಥೈರಾಯ್ಡ್ ಕಮ್ಮಿಯಾದರೆ ಕೊಲೆಸ್ಟ್ರಾಲ್ ತಾನಾಗೇ ಏರುತ್ತದೆ, ಸ್ಟ್ಯಾಟಿನ್‌ನಿಂದ ಸ್ನಾಯು ನೋವು ಬರುವ ಸಾಧ್ಯತೆಯೂ ಏರುತ್ತದೆ. ಯಾವುದಕ್ಕೆ ಅಂತ ತಗೊಂಡೆವೋ ಅದಕ್ಕೇ ಉಲ್ಟಾ.

ರಾವೋಲ್ಫಿಯಾ ಅಂದರೆ ಸರ್ಪಗಂಧ, ಕ್ರೇಟೀಗಸ್ ಅಂದರೆ ವಿದೇಶದ ಒಂದು ಮುಳ್ಳುಗಿಡದ ಹಣ್ಣು. ಇವು ಬಿಪಿ ಇಳಿಸುವ ಕಡೆಯವು. ಬಿಪಿ ಮಾತ್ರೆಯ ಮೇಲೆ ಇವೂ ಬಿದ್ದರೆ ಎದ್ದು ನಿಂತಾಗ ತಲೆ ತಿರುಗಬಹುದು. ಬೆಳಗಿನ ಜಾವ ಕೊಟ್ಟಿಗೆಗೆ ಹೋಗುವವರು, ಅಡಿಕೆ ಮರ ಹತ್ತುವವರು ಇದನ್ನು ಹಗುರವಾಗಿ ತಗೋಬೇಡಿ.

ಆಲ್ಕೋಹಾಲ್ ಇರತ್ತೆ ಅಂದ್ರಲ್ಲ, ಅದು ಸ್ಟ್ಯಾಟಿನ್‌ಗೆ ಆಗಲ್ವಾ?

ಲೆಕ್ಕ ಹಾಕೋಣ. 15 ಹನಿ, ದಿನಕ್ಕೆ 3 ಸಲ ಅಂದರೆ 45 ಹನಿ, ಸುಮಾರು 2 ಎಂಎಲ್. ಅದರಲ್ಲಿ ಅರ್ಧ ಆಲ್ಕೋಹಾಲ್ ಅಂದರೂ 1 ಎಂಎಲ್. ಸ್ಟ್ಯಾಟಿನ್‌ಗೆ ಇದು ಲೆಕ್ಕಕ್ಕಿಲ್ಲ. ಆದರೆ ಹೊಟ್ಟೆಯ ಸೋಂಕಿಗೆ ಕೊಡುವ ಮೆಟ್ರೊನಿಡಜೋಲ್ ತಗೊಳ್ಳುತ್ತಿರುವವರು, ಕುಡಿತ ಬಿಡಿಸುವ ಮಾತ್ರೆ ತಗೊಳ್ಳುತ್ತಿರುವವರು, ಲಿವರ್ ಸಿರೋಸಿಸ್ ಇರುವವರು ಇಷ್ಟೂ ಬೇಡ.

ನನ್ನದು ಅಟೊರ್ವಾ, ನಮ್ಮನೆಯವರದ್ದು ರೋಸುವಾ. ಎರಡಕ್ಕೂ ಒಂದೇ ನಿಯಮಾನಾ?

ಅಟೊರ್ವಾಸ್ಟ್ಯಾಟಿನ್, ರೋಸುವಾಸ್ಟ್ಯಾಟಿನ್ ಎರಡೂ ಸ್ಟ್ಯಾಟಿನ್ನೇ, ಕೆಲಸ ಒಂದೇ. ಲಿವರ್ ಕೊಲೆಸ್ಟ್ರಾಲ್ ತಯಾರು ಮಾಡುವ ದಾರಿಯಲ್ಲಿ ಒಂದು ಕಿಣ್ವವನ್ನು ತಡೆಯುತ್ತವೆ. 1970ರ ದಶಕದಲ್ಲಿ ಜಪಾನಿನ ಅಕಿರಾ ಎಂಡೋ ಒಂದು ಬೂಷ್ಟಿನಿಂದ ಈ ಜಾತಿಯ ಮೊದಲ ಔಷಧ ಬೇರ್ಪಡಿಸಿದರು. ಬೂಷ್ಟು ಅಂದರೆ ಅಕ್ಕಿಗೋ ಕಿತ್ತಳೆಗೋ ಬರುತ್ತದಲ್ಲ, ಅದೇ ಕುಲದ್ದು. 'ಇಂಗ್ಲಿಷ್ ಔಷಧ ಎಲ್ಲ ಕೆಮಿಕಲ್ಲು' ಅನ್ನುವವರಿಗೆ ನಾನು ಇದನ್ನು ಹೇಳ್ತಿರ್ತೇನೆ.

ಆದರೆ ದೇಹದಿಂದ ಹೊರಗೆ ಹೋಗುವ ದಾರಿ ಬೇರೆ. ಅಟೊರ್ವಾ, ಸಿಮ್ವಾ ಎರಡೂ ಲಿವರ್‌ನ ಸಿವೈಪಿ 3ಎ4 ಅನ್ನುವ ಕಿಣ್ವದಿಂದ ಕರಗುತ್ತವೆ. ಮೇಲೆ ಹೇಳಿದ ಹೈಪರಿಕಮ್, ಗುಗ್ಗುಳು ಕೈ ಹಾಕುವುದು ಇಲ್ಲೇ. ರೋಸುವಾ ಆ ದಾರಿಯನ್ನು ಅಷ್ಟು ಹಿಡಿಯುವುದಿಲ್ಲ. ಅದಕ್ಕೆ ಬೇರೆ ತಕರಾರು, ಗ್ಯಾಸಿಗೆ ಕುಡಿಯುವ ಬಿಳಿ ಅಥವಾ ಗುಲಾಬಿ ಆಂಟಾಸಿಡ್. ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುವ ಆಂಟಾಸಿಡ್ ಕುಡಿಯುವುದಾದರೆ ರೋಸುವಾ ತಗೊಂಡು 2 ಗಂಟೆ ಆದಮೇಲೆ ಕುಡಿಯಿರಿ.

ಇದರಲ್ಲಿ ಒಂದು ತಮಾಷೆ ಇದೆ. ಹೋಮಿಯೋಪತಿ ಗುಳಿಗೆ ಬಗ್ಗೆ ಇಷ್ಟು ಕೇಳುವವರು, ಕೆಮ್ಮಿಗೆ ಕ್ಲಾರಿಥ್ರೊಮೈಸಿನ್ ಅಥವಾ ಗಜಕರ್ಣಕ್ಕೆ ಇಟ್ರಾಕೊನಜೋಲ್ ತಗೊಳ್ಳುವಾಗ ಒಂದು ಮಾತೂ ಕೇಳುವುದಿಲ್ಲ. ಅಟೊರ್ವಾ, ಸಿಮ್ವಾಗೆ ನಿಜವಾದ ಗುದ್ದಾಟ ಅಲ್ಲಿದೆ. ನಮ್ಮ ಕರಾವಳಿಯ ಸೆಕೆಗೆ ಗಜಕರ್ಣ ಮನೆಮನೆಯಲ್ಲೂ ಇದೆ, ಹಾಗಾಗಿ ಇಟ್ರಾಕೊನಜೋಲ್ ಕೂಡ ಮನೆಮನೆಯಲ್ಲಿದೆ. ಕೊಲೆಸ್ಟ್ರಾಲ್ ಮಾತ್ರೆ ತಗೊಳ್ತೇನೆ ಅಂತ ಚರ್ಮದ ಡಾಕ್ಟರಿಗೆ ಮೊದಲೇ ಹೇಳಿ.

ಅರ್ಧ ಗಂಟೆ ಅಂತರ ಬಿಟ್ಟು ತಗೊಂಡ್ರೆ ಸರಿ ಹೋಗತ್ತಾ?

ಸಕ್ಕರೆ ಗುಳಿಗೆಗೆ ಅಂತರ ಬಿಟ್ಟರೂ ಒಂದೇ, ಬಿಡದಿದ್ದರೂ ಒಂದೇ. ಕ್ಯೂ ಸಾರಕ್ಕೆ ಅಂತರ ಬಿಟ್ಟು ಪ್ರಯೋಜನ ಇಲ್ಲ, ಯಾಕೆಂದರೆ ಲಿವರ್ ಕಿಣ್ವ ಚುರುಕಾದರೆ ದಿನಗಟ್ಟಲೆ ಹಾಗೇ ಇರುತ್ತದೆ.

ಹೋಮಿಯೋಪತಿಯಿಂದಲೇ ಕೊಲೆಸ್ಟ್ರಾಲ್ ಇಳಿಯುತ್ತೆ ಅಂತಾರೆ. ಸ್ಟ್ಯಾಟಿನ್ ಬಿಟ್ಟು ಅದಕ್ಕೇ ಬದಲಾಯಿಸಬಹುದಾ?

ಬೇಡ. 2015ರಲ್ಲಿ ಆಸ್ಟ್ರೇಲಿಯಾದ ಸರ್ಕಾರಿ ವೈದ್ಯಕೀಯ ಸಂಶೋಧನಾ ಮಂಡಳಿ ಹೋಮಿಯೋಪತಿಯ ಅಧ್ಯಯನಗಳನ್ನು ಒಟ್ಟುಹಾಕಿ ನೋಡಿ, ಯಾವ ಕಾಯಿಲೆಗೂ ಅದು ಕೆಲಸ ಮಾಡುತ್ತದೆ ಅನ್ನಲು ನಂಬಬಹುದಾದ ಪುರಾವೆ ಇಲ್ಲ ಅಂತ ಹೇಳಿತು. ಸ್ಟ್ಯಾಟಿನ್ ಕಡೆ ನೋಡಿದರೆ, ಲಕ್ಷಕ್ಕಿಂತ ಜಾಸ್ತಿ ಜನರ ಮೇಲೆ ನಡೆದ ಪರೀಕ್ಷೆಗಳನ್ನು ಕೂಡಿಸಿ ತೆಗೆದ ಲೆಕ್ಕ ಇದೆ. ಎಲ್‌ಡಿಎಲ್ ಸುಮಾರು 39 ಅಂಕ ಇಳಿದರೆ ಹಾರ್ಟ್ ಅಟ್ಯಾಕ್, ಪಾರ್ಶ್ವವಾಯುವಿನಂಥ ದೊಡ್ಡ ಅಪಾಯ ಐದರಲ್ಲಿ ಒಂದು ಪಾಲು ಕಮ್ಮಿ. ಇದು ನನ್ನ ಅಭಿಪ್ರಾಯದ ಪ್ರಶ್ನೆ ಅಲ್ಲ.

ಹೋಮಿಯೋಪತಿ ಡಾಕ್ಟರು ಸಮಾಧಾನವಾಗಿ ಕೂತು ಕೇಳುತ್ತಾರೆ, ನಿದ್ದೆ, ಸಿಟ್ಟು, ಮನೆಯ ಚಿಂತೆ ಎಲ್ಲ ಕೇಳುತ್ತಾರೆ, ಅದರಿಂದ ಎಷ್ಟೋ ಜನಕ್ಕೆ ಹಗುರ ಆಗುತ್ತದೆ, ನಾನು ಅಲ್ಲ ಅನ್ನುವುದಿಲ್ಲ. ಒಳ್ಳೆಯ ಹೋಮಿಯೋಪತಿ ಡಾಕ್ಟರು ಯಾರೂ ಸ್ಟೆಂಟ್ ಹಾಕಿಸಿಕೊಂಡವರಿಗೆ ಸ್ಟ್ಯಾಟಿನ್ ಬಿಡಿ ಅನ್ನುವುದೂ ಇಲ್ಲ. ಅನ್ನುವವರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ.

ರಿಪೋರ್ಟ್ ನಾರ್ಮಲ್ ಬಂತು. ಇನ್ನೂ ಯಾಕೆ ಮಾತ್ರೆ?

ಮಾತ್ರೆ ತಗೊಂಡಿದ್ದಕ್ಕೇ ನಾರ್ಮಲ್ ಬಂದದ್ದು. ಬಿಟ್ಟರೆ ಕೆಲವೇ ವಾರದಲ್ಲಿ ಮೊದಲಿನ ಜಾಗಕ್ಕೆ ಹೋಗುತ್ತದೆ, ನಿಮಗೆ ಗೊತ್ತಾಗುವುದೂ ಇಲ್ಲ, ಕೊಲೆಸ್ಟ್ರಾಲ್ ಏರಿದರೆ ನೋವೂ ಇಲ್ಲ ಜ್ವರವೂ ಇಲ್ಲ. ಇನ್ನೊಂದು, ಲ್ಯಾಬ್ ರಿಪೋರ್ಟಿನ ಪಕ್ಕದಲ್ಲಿ ಅಚ್ಚು ಹಾಕಿರುವ 'ನಾರ್ಮಲ್' ಎಲ್ಲರಿಗೂ ಅಲ್ಲ. ಒಮ್ಮೆ ಹಾರ್ಟ್ ಅಟ್ಯಾಕ್ ಆದವರಿಗೆ ಎಲ್‌ಡಿಎಲ್ 55ರ ಒಳಗೆ ಇರಲಿ ಅಂತ ಈಗ ನಮ್ಮ ದೇಶದ ಹೃದಯ ತಜ್ಞರೇ ಹೇಳುತ್ತಾರೆ. ರಿಪೋರ್ಟಿನಲ್ಲಿ 98 ಇದ್ದು ಪಕ್ಕದಲ್ಲಿ ಕೆಂಪು ಗುರುತು ಇಲ್ಲ ಅಂತ ಖುಷಿಪಡುವ ಹಾಗಿಲ್ಲ.

ಸ್ಟ್ಯಾಟಿನ್ ಶುರು ಮಾಡಿದ್ಮೇಲೆ ಕಾಲು ಸೆಳೆತ, ಮೈಕೈ ನೋವು. ಅದಕ್ಕೇ ಹೋಮಿಯೋಪತಿ ಕಡೆ ಹೋದದ್ದು.

ಹೆಚ್ಚಿನವರು ಹೋಮಿಯೋಪತಿಗೆ ಹೋಗುವುದೇ ಈ ಕಾರಣಕ್ಕೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೇನೆ.

ಸ್ಟ್ಯಾಟಿನ್‌ನಿಂದ ಸ್ನಾಯು ನೋವು ಬರುವುದು ನಿಜ. ಆದರೆ ಎಲ್ಲ ನೋವೂ ಅದರದ್ದಲ್ಲ. 2020ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಪರೀಕ್ಷೆ ಮಾಡಿದರು. ನೋವಿನಂಥ ತೊಂದರೆ ಅಂತ ಸ್ಟ್ಯಾಟಿನ್ ಬಿಟ್ಟಿದ್ದ 60 ಜನರಿಗೆ ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ಅದೇ ಥರ ಕಾಣುವ ಖಾಲಿ ಮಾತ್ರೆ, ಕೆಲವು ತಿಂಗಳು ಏನೂ ಇಲ್ಲ, ಹೀಗೆ ಕೊಟ್ಟು ತೊಂದರೆ ಎಷ್ಟಿದೆ ಅಂತ ದಿನಾ ಬರೆಸಿದರು. ಸ್ಟ್ಯಾಟಿನ್ ತಗೊಂಡಾಗ ಇದ್ದ ತೊಂದರೆಯ ಶೇಕಡಾ 90ರಷ್ಟು ಖಾಲಿ ಮಾತ್ರೆಯಲ್ಲೂ ಬಂತು. ನೋವು ಸುಳ್ಳಲ್ಲ, ನಿಜವಾಗಿಯೇ ಆಗಿದೆ. ಅದರ ಹೆಚ್ಚಿನ ಪಾಲಿಗೆ ಕಾರಣ ಮಾತ್ರ ಮಾತ್ರೆಯೊಳಗಿನ ಔಷಧ ಅಲ್ಲ.

ನಮ್ಮ ಕಡೆ ಇನ್ನೂ ಎರಡು ವಿಷಯ ಇದೆ. ಅಡಿಕೆ ಕೊನೆಕೊಯ್ಲಿನ ಹೊತ್ತಿಗೆ, ಗದ್ದೆ ನಾಟಿ ಹೊತ್ತಿಗೆ ಎಲ್ಲರಿಗೂ ಸೊಂಟ-ತೊಡೆ ನೋವು ಇದ್ದದ್ದೇ. ಮತ್ತೆ ಮಳೆಗಾಲದಲ್ಲಿ ಜ್ವರದ ಜೊತೆ ಮೀನಖಂಡ ಹಿಡಿದುಕೊಂಡು ನೋವು ಬಂದರೆ ಇಲಿಜ್ವರ ಇರಬಹುದು. ಸಿದ್ದಾಪುರ, ಶಿರಸಿ ಕಾಡಂಚಿನಲ್ಲಿ ಬೇಸಗೆ ಹೊತ್ತಿಗೆ ಜೋರು ಜ್ವರ, ಮೈಯೆಲ್ಲ ನೋವು ಅಂದರೆ ಮಂಗನ ಕಾಯಿಲೆಯನ್ನೂ ನೋಡಬೇಕು. ಜ್ವರ ಇದ್ದರೆ ಅದು ಸ್ಟ್ಯಾಟಿನ್ ನೋವು ಅಂತ ಕೂತಿರಬೇಡಿ, ಗುಳಿಗೆ ಚೀಪುತ್ತಲೂ ಕೂತಿರಬೇಡಿ.

ಸ್ಟ್ಯಾಟಿನ್ ನೋವು ಸಾಮಾನ್ಯವಾಗಿ ಎರಡೂ ಕಡೆ ಬರುತ್ತದೆ, ಎರಡೂ ತೊಡೆ, ಎರಡೂ ಭುಜ, ಮಾತ್ರೆ ಶುರು ಮಾಡಿದ ಅಥವಾ ಡೋಸ್ ಜಾಸ್ತಿ ಮಾಡಿದ ಕೆಲವು ವಾರದಲ್ಲಿ. ಹಾಗಿದ್ದರೆ ಬರೆದುಕೊಟ್ಟ ಡಾಕ್ಟರಿಗೆ ಹೇಳಿ. ಸ್ನಾಯುವಿಗೆ ಪೆಟ್ಟಾಗಿದೆಯಾ ಅಂತ ತೋರಿಸುವ ಸಿಕೆ ಅನ್ನುವ ರಕ್ತ ಪರೀಕ್ಷೆ ಮಾಡಿಸಿ ಡೋಸ್ ಇಳಿಸುತ್ತಾರೆ, ಬೇರೆ ಸ್ಟ್ಯಾಟಿನ್ ಕೊಡುತ್ತಾರೆ, ಎಜೆಟಿಮೈಬ್ ಥರದ ಬೇರೆ ಜಾತಿಯ ಕೊಲೆಸ್ಟ್ರಾಲ್ ಮಾತ್ರೆ ಸೇರಿಸುತ್ತಾರೆ. ದಾರಿ ಇದೆ. ಮೂತ್ರ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ, ಎದ್ದು ನಿಲ್ಲಲಿಕ್ಕೂ ಆಗದಷ್ಟು ನಿಶ್ಶಕ್ತಿ ಬಂದರೆ ಅದು ತುಂಬಾ ಅಪರೂಪ, ಆದರೆ ಅವತ್ತೇ ಆಸ್ಪತ್ರೆ.

ಸ್ಟ್ಯಾಟಿನ್ ಲಿವರ್ ಹಾಳು ಮಾಡತ್ತೆ, ಹೋಮಿಯೋಪತಿಗೆ ಸೈಡ್ ಎಫೆಕ್ಟೇ ಇಲ್ಲ. ಹೌದಲ್ವಾ?

ಎರಡೂ ಅರ್ಧ ನಿಜ. ಸ್ಟ್ಯಾಟಿನ್‌ನಿಂದ ಲಿವರ್ ಕಿಣ್ವ ಸ್ವಲ್ಪ ಏರಬಹುದು. ಮಿತಿಯ 3 ಪಟ್ಟಿಗಿಂತ ಜಾಸ್ತಿ ಆದರೆ ಡಾಕ್ಟರು ಮಾತ್ರೆ ನಿಲ್ಲಿಸಿ ನೋಡುತ್ತಾರೆ. ನಿಜವಾಗಿ ಲಿವರ್ ಕೆಡುವುದು ತೀರಾ ಅಪರೂಪ. ಇನ್ನು ಹೋಮಿಯೋಪತಿ ಅನ್ನುವ ಲೇಬಲ್ ಒಂದೇ ಸಾಲದು, ಒಳಗೆ ಏನಿದೆ ಅನ್ನುವುದು ಮುಖ್ಯ. 2017ರಲ್ಲಿ ಅಮೆರಿಕದ ಔಷಧ ಇಲಾಖೆ ಮಕ್ಕಳ ಹಲ್ಲು ಬರುವಾಗಿನ ಹೋಮಿಯೋಪತಿ ಮಾತ್ರೆಗಳನ್ನು ಪರೀಕ್ಷೆ ಮಾಡಿದಾಗ ಬೆಲ್ಲಡೋನ ಅನ್ನುವ ವಿಷದ ಗಿಡದ ಅಂಶ ಲೇಬಲ್‌ನಲ್ಲಿ ಹೇಳಿದ್ದಕ್ಕಿಂತ ಕೆಲವಲ್ಲಿ ತುಂಬಾ ಜಾಸ್ತಿ ಸಿಕ್ಕಿತ್ತು.

ಉಪ್ಪಾಗೆ, ಮುರುಗಲು, ಚಕ್ಕೋತ?

ಇದು ಹೋಮಿಯೋಪತಿ ಅಲ್ಲ, ಆದರೂ ಕೇಳುವವರು ಬಹಳ. ನಮ್ಮ ಘಟ್ಟದ ಉಪ್ಪಾಗೆ ಸಿಪ್ಪೆ ಒಣಗಿ ವ್ಯಾಪಾರಿ ಕೈ ಸೇರಿ, ಗಾರ್ಸಿನಿಯಾ ಅನ್ನುವ ಹೆಸರಲ್ಲಿ ತೂಕ ಇಳಿಸುವ ಕ್ಯಾಪ್ಸೂಲ್ ಆಗಿ ದುಬಾರಿ ಡಬ್ಬಿಯಲ್ಲಿ ನಮಗೇ ವಾಪಸ್ ಬರುತ್ತದೆ. ಅಡುಗೆಗೆ ಹಾಕುವ ಉಪ್ಪಾಗೆ, ಮುರುಗಲು ಹುಳಿಗೆ ಏನೂ ಅಡ್ಡಿ ಇಲ್ಲ, ಸೋಲ್ ಕಡಿ ಕುಡಿಯಿರಿ. ಆದರೆ ಆ ಕ್ಯಾಪ್ಸೂಲ್ ತಗೊಂಡು ಲಿವರ್ ಕೆಟ್ಟ ಪ್ರಕರಣಗಳು ದಾಖಲಾಗಿವೆ. ಸ್ಟ್ಯಾಟಿನ್ ಜೊತೆ ಬೇಡ.

ಚಕ್ಕೋತ ವಿದೇಶದ ಗ್ರೇಪ್‌ಫ್ರೂಟಿನ ಹತ್ತಿರದ ಸಂಬಂಧಿ. ಗ್ರೇಪ್‌ಫ್ರೂಟ್ ರಸ ಅಟೊರ್ವಾ, ಸಿಮ್ವಾ ಬಲವನ್ನು ರಕ್ತದಲ್ಲಿ ಏರಿಸುತ್ತದೆ, ಆ ಗುಣದ ಅಂಶ ಚಕ್ಕೋತದಲ್ಲೂ ಇದೆ. ಹಬ್ಬಕ್ಕೆ ನಾಲ್ಕು ತೊಳೆ ತಿಂದರೆ ಏನೂ ಅಲ್ಲ. ದಿನಾ ಲೋಟಗಟ್ಟಲೆ ರಸ ಬೇಡ.

ಶುಗರ್ ಇದೆ. ಸಕ್ಕರೆ ಗುಳಿಗೆ ತಿನ್ನಬಹುದಾ?

ನಾಲ್ಕು ಗುಳಿಗೆಯ ಸಕ್ಕರೆ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ಕೇಳಿ ಎರಡು ತೊಡೆದೇವು ತಿನ್ನಬೇಡಿ ಅಷ್ಟೆ.

ಕವಳ (ಎಲೆಅಡಿಕೆ) ಬಿಡಿ ಅಂದಿದಾರೆ ಹೋಮಿಯೋಪತಿ ಡಾಕ್ಟರು.

ಅವರು ಹೇಳಿದ್ದರಲ್ಲಿ ನಾನು ಪೂರ್ತಿ ಒಪ್ಪುವ ಮಾತು. ಗುಳಿಗೆ ಕೆಲಸ ಮಾಡಲಿ ಅಂತ ಅವರು ಹೇಳಿದ್ದಿರಬಹುದು, ಕಾರಣ ಏನೇ ಇರಲಿ, ತಂಬಾಕು ಹಾಕಿದ ಕವಳ ಹೃದಯಕ್ಕೂ ಬಾಯಿಗೂ ಕೆಟ್ಟದ್ದು.

ಎದೆನೋವು ಬಂದ್ರೆ ಗ್ಲೋನೊಯಿನ್ ಹನಿ ಹಾಕ್ಕೊಳ್ಳಿ ಅಂತ ಯಾರೋ ಹೇಳಿದ್ರು.

ಗ್ಲೋನೊಯಿನ್ ಅಂದರೆ ನೈಟ್ರೋಗ್ಲಿಸರಿನ್. ಹೆಸರು ಕೇಳಿ ಆಸ್ಪತ್ರೆಯವರು ನಾಲಿಗೆ ಕೆಳಗೆ ಇಡುವ ಮಾತ್ರೆ ಇದೇ ಇರಬೇಕು ಅಂದುಕೊಳ್ಳುತ್ತಾರೆ. 30 ಪೊಟೆನ್ಸಿಯಲ್ಲಿ ಅದರ ಹೆಸರು ಬಿಟ್ಟು ಏನೂ ಉಳಿದಿರುವುದಿಲ್ಲ. ಎದೆ ಹಿಂಡಿದ ಹಾಗಾಗಿ, ಬೆವರು ಸುರಿದು, ಎಡಗೈಗೋ ದವಡೆಗೋ ನೋವು ಇಳಿದರೆ 108ಕ್ಕೆ ಫೋನ್ ಮಾಡಿ, ಹತ್ತಿರದ ತಾಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಿ. ಅಲ್ಲಿಂದಲೇ ಇಸಿಜಿಯನ್ನು ತಜ್ಞರಿಗೆ ಕಳಿಸಿ ಕೇಳುವ ಹೃದಯ ಜ್ಯೋತಿ ಯೋಜನೆ ಈಗ ಇದೆ, ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೂಡ ಅದರಲ್ಲಿ ಸೇರಿದೆ. ಮಳೆಗಾಲದಲ್ಲಿ ದೇವಿಮನೆ ಘಟ್ಟದಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗುವ ಜಿಲ್ಲೆ ನಮ್ಮದು. ಹನಿ ಹಾಕಿಕೊಂಡು ಕಾದು ನೋಡಲಿಕ್ಕೆ ಇಲ್ಲಿ ಸಮಯ ಇಲ್ಲ.

ಕ್ಲಿನಿಕ್ಕಲ್ಲಿ ಕೊಟ್ಟ ಬಾಟಲಿ ಮೇಲೆ ಹೆಸರೇ ಇಲ್ಲ. ಏನು ಮಾಡೋದು?

ಕೇಳಿ. "ಡಾಕ್ಟ್ರೇ, ಹಾರ್ಟಿನ ಮಾತ್ರೆ ತಗೊಳ್ತಾ ಇದ್ದೇನೆ, ಇದರ ಹೆಸರು, ಪೊಟೆನ್ಸಿ ಒಂಚೂರು ಬರೆದು ಕೊಡಿ" ಅಂದರೆ ಸಾಕು. ಕೇಳಿಸಿಕೊಂಡು ಬೇಸರ ಮಾಡುವಂಥದ್ದು ಇದರಲ್ಲಿ ಏನೂ ಇಲ್ಲ. ಬರೆದು ಕೊಡದಿದ್ದರೆ ಆ ಬಾಟಲಿ ನಾನಾದರೆ ಬಳಸುವುದಿಲ್ಲ.

ಹಾರ್ಟಿನ ಡಾಕ್ಟರಿಗೆ ಹೇಳಿದ್ರೆ ಬೈತಾರೆ.

ಬೈಯಬಹುದು. ಬೈದರೂ ಹೇಳಿ. ಬಾಯಲ್ಲಿ ಹೇಳಲು ಸಂಕೋಚವಾದರೆ ಎಲ್ಲ ಬಾಟಲಿ, ಸ್ಟ್ರಿಪ್ ಒಂದು ಕೈಚೀಲಕ್ಕೆ ತುಂಬಿಕೊಂಡು ಹೋಗಿ ಟೇಬಲ್ ಮೇಲೆ ಇಡಿ, ಆಯುರ್ವೇದದ ಲೇಹ್ಯ, ಆನ್‌ಲೈನ್‌ನಲ್ಲಿ ತರಿಸಿದ ಕ್ಯಾಪ್ಸೂಲ್ ಇದ್ದರೆ ಅದೂ ಸೇರಿ. ಅಷ್ಟು ದೂರ ಚೀಲ ಹೊತ್ತುಕೊಂಡು ಹೋಗಲಿಕ್ಕೆ ಆಗದಿದ್ದರೆ ಲೇಬಲ್ ಕಾಣುವ ಹಾಗೆ ಮೊಬೈಲಲ್ಲಿ ಫೋಟೋ ತೆಗೆದುಕೊಳ್ಳಿ. ವಯಸ್ಸಾದ ಅಪ್ಪ-ಆಯಿ ಊರಲ್ಲಿದ್ದು ನೀವು ಬೆಂಗಳೂರಲ್ಲಿದ್ದರೆ, ಹಬ್ಬಕ್ಕೆ ಬಂದಾಗ ಔಷಧದ ಡಬ್ಬಿ ಒಮ್ಮೆ ನೀವೇ ತೆರೆದು ನೋಡಿ, ಅಟೊರ್ವಾ ಸ್ಟ್ರಿಪ್ ಎಷ್ಟು ಹಳೆಯದು, ಅದರಲ್ಲಿ ಎಷ್ಟು ಉಳಿದಿದೆ ಅಂತ.

ಮಾತ್ರೆ ತಗೊಳ್ಳೋದು ಒಂದಿನ ಮರೆತುಹೋದ್ರೆ?

ಮಾರನೇ ದಿನ ಎಂದಿನ ಹೊತ್ತಿಗೆ ಒಂದೇ ತಗೊಳ್ಳಿ, ಎರಡು ನುಂಗಬೇಡಿ. ಅಟೊರ್ವಾ, ರೋಸುವಾ ಬೆಳಗ್ಗೆಯಾದರೂ ಸರಿ, ರಾತ್ರಿಯಾದರೂ ಸರಿ, ದಿನಾ ಒಂದೇ ಹೊತ್ತು ಇರಲಿ. ಸಿಮ್ವಾ ಮಾತ್ರ ರಾತ್ರಿಗೆ. ಹೋಮಿಯೋಪತಿ ಗುಳಿಗೆ ಮರೆತರೆ ಏನು ಅಂತ ಕೇಳಬೇಡಿ, ಅದಕ್ಕೆ ನನ್ನ ಉತ್ತರ ನಿಮಗೆ ಇಷ್ಟ ಆಗುವುದಿಲ್ಲ.